ಬಯಲುಸೀಮೆಯವರ ದ್ವೀಪಯಾನ: ತಪ್ಪು ಕಲ್ಪನೆ ಮತ್ತು ಸತ್ಯ

ಹುಬ್ಬಳ್ಳಿಯ ಇಬ್ಬರು ದೋಸ್ತರು ಬೆನ್ನಿಗೆ ಬ್ಯಾಗ್ ಏರಿಸಿ ದ್ವೀಪ ಸುತ್ತಲು ಹೊರಟರೆ, ಕೇಳಿದವರೆಲ್ಲ ಥಾಯ್ಲೆಂಡ್ ಅಥವಾ ಬಾಲಿ ಎಂದೇ ತಿಳಿಯುತ್ತಾರೆ. ದ್ವೀಪ ಅಂದರೆ ವಿಮಾನ, ವಿದೇಶ ಎಂಬುದು ಮೊದಲನೆಯ ತಪ್ಪು ಕಲ್ಪನೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಕಾರವಾರ ಸುಮಾರು ನಾಲ್ಕು ತಾಸಿನ ಹಾದಿ. ಅಲ್ಲಿ ಕೂರ್ಮಗಡ, ದೇವಗಡ. ಹೊನ್ನಾವರದ ಎದುರು ಬಸವರಾಜದುರ್ಗ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ, ಮಲ್ಪೆಯಿಂದ ಸೇಂಟ್ ಮೇರೀಸ್. ಇವೂ ಉಷ್ಣವಲಯದ ದ್ವೀಪಗಳೇ. ಸೇಂಟ್ ಮೇರೀಸ್‌ನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಬಿರುಕುಬಿಟ್ಟು ಮೂಡಿದವು. ಅಂಥದ್ದನ್ನು ನೋಡಲು ಪಾಸ್‌ಪೋರ್ಟ್ ಬೇಕಿಲ್ಲ.

"ಲೈಫ್ ಜಾಕೆಟ್ ಯಾಕ ಬೇಕಲೇ, ನನಗ ಈಜಾಕ ಬರ್ತೈತಿ." ನಮ್ಮ ಕಡೆಯ ಹುಡುಗರ ಈ ಮಾತೇ ಎಲ್ಲಕ್ಕಿಂತ ಅಪಾಯಕಾರಿ. ನಾವು ಈಜು ಕಲಿತ ಬಾವಿಯ ನೀರು ನಿಂತಿರುತ್ತದೆ, ಕಡಲು ನಿಲ್ಲುವುದಿಲ್ಲ. ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಜಾಗದಲ್ಲಿ ಒಟ್ಟಾಗಿ ಮತ್ತೆ ಕಡಲಿನತ್ತ ಹರಿಯುವಾಗ ಸೆಳೆತ ಹುಟ್ಟುತ್ತದೆ. ಜೋರಾದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟಬಹುದು. ಒಲಿಂಪಿಕ್ ಈಜುಗಾರನೂ ಅದರ ಎದುರು ಈಜಿ ಗೆಲ್ಲಲಾರ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಸುರಕ್ಷಿತ ಎಂದು ನಾವು ಅಲ್ಲಿಗೇ ಇಳಿಯುತ್ತೇವೆ. ಎಷ್ಟೋ ಸಲ ಸೆಳೆತ ಇರುವುದು ಅಲ್ಲಿಯೇ. ಅದು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಮುಳುಗುವುದು ಅದರ ವಿರುದ್ಧ ಈಜಿ ದಣಿದವರು. ಗಾಬರಿಯಾಗದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು, ಕೈ ಎತ್ತಿ ಕರೆಯಬೇಕು.

ದೋಣಿಯ ಮಾತೂ ಹೀಗೆಯೇ. "ಹತ್ತು ನಿಮಿಷದ ದಾರಿ, ಇನ್ನಿಬ್ರು ಹತ್ತಿದ್ರ ಏನಾಗ್ತೈತಿ?" 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಹೋದರು. ಅವರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯವರಿದ್ದರು. ಕಾರವಾರದ ದಡ ದೂರವೇನೂ ಇರಲಿಲ್ಲ. ಭಾರ ಹೆಚ್ಚಾದ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಅಲೆ ಬಡಿದಾಗ ಜನ ಹೆದರಿ ಒಂದೇ ಮಗ್ಗುಲಿಗೆ ಸರಿದರೆ ಅಷ್ಟೇ ಸಾಕು.

"ಕಡಲ ಗಾಳಿಗೆ ತಂಪ ಇರತೈತಿ" ಎನ್ನುವವರಿಗೂ ಒಂದು ಮಾತು. ಹುಬ್ಬಳ್ಳಿಯ ಒಣ ಬಿಸಿಲಲ್ಲಿ ಬೆವರು ಆರುತ್ತದೆ, ಮೈ ತಣಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಉಷ್ಣಾಂಶ ನಮ್ಮೂರಿಗಿಂತ ಕಡಿಮೆ ಇದ್ದರೂ ದೇಹ ಬೇಗ ಸೋಲುತ್ತದೆ. ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ ಕಡಿಮೆ ಮಾಡಿ ನೀರು, ಉಪ್ಪು-ಸಕ್ಕರೆ ಇಟ್ಟುಕೊಳ್ಳಿ.

ಕಣ್ಣಿಗೆ ಕಂಡ ದ್ವೀಪಕ್ಕೆಲ್ಲ ಹೋಗಬಹುದು ಎಂಬುದೂ ಸುಳ್ಳು. ಕಾರವಾರದ ಬಳಿಯ ಅಂಜದೀವ್ ಗೋವೆಗೆ ಸೇರಿದ್ದು, ನೌಕಾಪಡೆಯ ವಶದಲ್ಲಿದೆ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪರವಾನಗಿ ಬೇಕು. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಲ್ಲಿಯ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಮಳೆಗಾಲದ ಲೆಕ್ಕವೂ ಎಲ್ಲೆಡೆ ಒಂದೇ ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಪ್ರವಾಸಿ ದೋಣಿಗಳು ನಿಲ್ಲುತ್ತವೆ, ಅಕ್ಟೋಬರ್ ಹೊತ್ತಿಗೆ ಕಡಲು ಶಾಂತವಾಗುತ್ತದೆ. ಅದೇ ಲೆಕ್ಕದಲ್ಲಿ ನವೆಂಬರಿಗೆ ಅಂಡಮಾನ್‌ಗೋ ಥಾಯ್ಲೆಂಡಿನ ಸಮುಯಿಗೋ ಟಿಕೆಟ್ ತೆಗೆಸಿದರೆ ಅಲ್ಲಿ ಮಳೆ ಕಾದಿರುತ್ತದೆ.

ಕೊನೆಯದು, ನೇತ್ರಾಣಿಯಲ್ಲಿ ಸ್ಕೂಬಾ ಮಾಡುವ ನಮ್ಮೂರಿನವರು ತಿಳಿಯಲೇಬೇಕಾದದ್ದು. ಆಳದಲ್ಲಿ ಒತ್ತಡಕ್ಕೆ ಸಿಕ್ಕ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ. ಬೇಗ ಎತ್ತರಕ್ಕೆ ಏರಿದರೆ ಗುಳ್ಳೆಯಾಗಿ ಕಾಡಬಹುದು. ಆದ್ದರಿಂದ ಒಂದು ಸಲ ಮುಳುಗಿದವರು ಕನಿಷ್ಠ 12 ತಾಸು, ಹೆಚ್ಚು ಸಲ ಮುಳುಗಿದವರು 18 ತಾಸು ವಿಮಾನ ಹತ್ತಬಾರದೆಂಬ ಸಲಹೆಯಿದೆ. ವಿಮಾನಕ್ಕೆ ಮಾತ್ರ ಇದು ಎಂದು ಅನೇಕರು ತಿಳಿದಿದ್ದಾರೆ. ಘಟ್ಟ ಹತ್ತುವುದೂ ಎತ್ತರಕ್ಕೆ ಏರುವುದೇ, ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ. ಅಂದೇ ಸಂಜೆ ಕಾರು ಓಡಿಸಿ ಮನೆ ಸೇರುವ ಯೋಜನೆ ಬಿಟ್ಟು, ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ದೋಸ್ತನನ್ನು ಜೊತೆಗೆ ಕರೆದುಕೊಂಡೇ ಹೋಗಿ. ನೀರಿಗಿಳಿದಾಗ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ. ಎಲ್ಲರಿಗೂ ಜಾಕೆಟ್ ಇಲ್ಲದ ದೋಣಿಯನ್ನು, ಎಷ್ಟೇ ತಡವಾದರೂ, ಇಬ್ಬರೂ ಹತ್ತಬೇಡಿ.