ಮನೆ ಕೊಳ್ಳುವವರಿಗೂ ಮಾರುವವರಿಗೂ ಕೆಲವು ಮಾತುಗಳು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಮನೆಯೆಂಬುದು ಆಗ ತಂದೆಯಿಂದ ಮಗನಿಗೆ ಇಳಿದು ಬರತಕ್ಕ ವಸ್ತುವಾಗಿತ್ತು. ಈಗ ಕಾಲವು ಬೇರೆ. 2009ರ ಡಿಸೆಂಬರಿನಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು, ಕಚೇರಿಗಳು ಬಂದವು, ಅವುಗಳೊಡನೆ ಮನೆ ಬೇಕೆನ್ನುವವರೂ ಬಂದರು. ಜೀವಮಾನದ ಉಳಿತಾಯವನ್ನು ಒಂದೇ ದಿನ ಕೊಟ್ಟುಬಿಡುವ ಈ ವ್ಯವಹಾರದಲ್ಲಿ ಗೋಡೆಯನ್ನು ನೋಡುವ ಮೊದಲು ಕಾಗದವನ್ನು ನೋಡತಕ್ಕದ್ದು.

ನಮ್ಮ ಸೀಮೆಯ ಕಾಗದಗಳಿಗೆ ಒಂದು ವಿಶೇಷವುಂಟು. ಸುರಪುರವು 1858ರ ದಂಗೆಯವರೆಗೆ ನಾಯಕ ಅರಸರ ಸಂಸ್ಥಾನವಾಗಿತ್ತು. ಅನಂತರ ನಿಜಾಮರ ವಶವಾಯಿತು. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರಲ್ಲಿ ನಮ್ಮ ಸೀಮೆಯು ಮೈಸೂರು ರಾಜ್ಯಕ್ಕೆ ಬಂತು. ಆದುದರಿಂದ ಹಳೆಯ ಮನೆಗಳ ಮೂಲ ದಸ್ತಾವೇಜುಗಳು ಉರ್ದುವಿನಲ್ಲಿದ್ದು, ಫಸಲಿ ವರ್ಷವನ್ನು ಹೊತ್ತಿರುವುದುಂಟು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕವು ದೊರೆಯುವುದು. ಫಸಲಿ 1350 ಎಂದರೆ 1940–41. ಓದಬಾರದೆಂದು ಅಂತಹ ಕಾಗದವನ್ನು ಬದಿಗಿಡದೆ, ಬಲ್ಲವರಿಂದ ಕನ್ನಡಿಸಿಕೊಳ್ಳಿರಿ. ಅಲ್ಲಿಂದ ಇಂದಿನ ಮಾಲೀಕನವರೆಗೆ ಹಕ್ಕು ಹೇಗೆ ನಡೆದು ಬಂತೆಂಬುದು ಸರಪಣಿಯಂತೆ ಕೂಡಬೇಕು.

ಆ ಸರಪಣಿ ಮುರಿಯುವುದು ಬಹುಮಟ್ಟಿಗೆ ಮನೆಯೊಳಗೇ. ಅಣ್ಣತಮ್ಮಂದಿರು ಸಹಿ ಮಾಡುತ್ತಾರೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಯಾರೂ ಕೇಳುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬಂದುದೆಂದು ತೀರ್ಮಾನಿಸಿತು. ಕೇಳದೆ ಬಿಟ್ಟ ತಂಗಿಯು ನಾಳೆ ದಾವೆ ಹೂಡಿದರೆ ತಪ್ಪು ಅವಳದಲ್ಲ, ಕೇಳದವನದು.

ಎರಡನೆಯ ಮಾತು ನೋಂದಣಿಯದು. ಇಸಾರ ಕೊಟ್ಟು, ಛಾಪಾ ಕಾಗದದ ಮೇಲೆ ಕರಾರು ಬರೆಸಿ, ಬೀಗದ ಕೈ ಪಡೆದು, ಮನೆ ತನ್ನದಾಯಿತೆಂದು ನಂಬುವವರಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಕರಾರಿನಿಂದ ಮಾತ್ರ ಹಕ್ಕು ಹುಟ್ಟುವುದಿಲ್ಲ. ನೂರು ರೂಪಾಯಿಯೂ ಅದಕ್ಕೆ ಮೇಲೂ ಬೆಲೆಯುಳ್ಳ ಮನೆಯ ಕ್ರಯಪತ್ರವು ನೋಂದಣಿಯಾಗಲೇಬೇಕು. ಅಧಿಕಾರಪತ್ರದ ಮೂಲಕ ನಡೆಯುವ ಮಾರಾಟವೂ ಮಾಲೀಕತ್ವವನ್ನು ಕೊಡದೆಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಬ್‌ರಿಜಿಸ್ಟ್ರಾರರ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ಹಿಂದಿನ ಮೂವತ್ತು ವರ್ಷಗಳಿಗೆ ಪಡೆಯುವುದು ಕ್ಷೇಮ. ಆದರೆ ಅದು ನೋಂದಣಿಯಾದುದನ್ನಷ್ಟೇ ತೋರಿಸುವುದು. ಬಾಯಿಮಾತಿನ ಪಾಲು, ತೆರಿಗೆಯ ಬಾಕಿ, ಬಾಡಿಗೆದಾರನ ಹಕ್ಕು, ಇವು ಅದರಲ್ಲಿ ಕಾಣವು. ಇವುಗಳನ್ನು ನಗರಸಭೆಯಲ್ಲಿಯೂ ಓಣಿಯಲ್ಲಿಯೂ ವಿಚಾರಿಸಬೇಕು.

ಓಣಿಯಲ್ಲಿ ಎಂದೆ. ಹಳೆಯ ಮಾಳಿಗೆ ಮನೆಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆಯಿರುವುದುಂಟು. ಆ ಗೋಡೆ ಯಾರದು, ಮಾಳಿಗೆಯ ನೀರು ಎತ್ತ ಬೀಳಬೇಕು ಎಂಬುದನ್ನು ಚಕ್ಕುಬಂದಿಯೊಡನೆ ಪತ್ರದಲ್ಲಿ ಬರೆಸತಕ್ಕದ್ದು. ಮನೆಯನ್ನು ಒಮ್ಮೆ ಮಳೆಯ ದಿನ ನೋಡುವುದು ಹತ್ತು ಪ್ರಶ್ನೆಗಳಿಗೆ ಸಮ.

ಇನ್ನು ಮಾರುವವರಿಗೆ. ಸಾಮಾನ್ಯ ಎಚ್ಚರಿಕೆಗೆ ಕಾಣದ ದೋಷವು ನಿಮಗೆ ತಿಳಿದಿದ್ದರೆ ಅದನ್ನು ಹೇಳುವುದು ಸೌಜನ್ಯ ಮಾತ್ರವಲ್ಲ, ಕಾಯಿದೆಯ ಕಟ್ಟಳೆ. ಬೇರೆ ಕರಾರಿಲ್ಲದಿದ್ದರೆ ಮಾರಾಟದ ದಿನದವರೆಗಿನ ತೆರಿಗೆಯೂ ನಿಮ್ಮದೇ. ಹಣವನ್ನು ಬ್ಯಾಂಕಿನ ಮುಖಾಂತರ ಪಡೆಯಿರಿ; ಪೂರ್ತಿ ಸಲ್ಲುವ ಮೊದಲು ‘ಸಂದಾಯವಾಯಿತು’ ಎಂಬ ವಾಕ್ಯಕ್ಕೆ ಸಹಿ ಹಾಕಬೇಡಿರಿ.

ವಕೀಲರ ಶುಲ್ಕವನ್ನು ಉಳಿಸಲು ಹೋಗಿ ಮನೆಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ. ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ. ಕೊಂಡ ಮನೆಯಲ್ಲಿ ನಿಶ್ಚಿಂತೆಯ ನಿದ್ದೆ ಬರಬೇಕು.