ಮ್ಯೂನಿಕ್‌ನ ಬಿಯರ್ ಜಾತ್ರೆ: ಹೋಟೆಲಿನವರು ನೋಡಬೇಕಾದದ್ದು ಏನು?



ಜರ್ಮನಿಗೆ ಓದಲು ಹೋಗುವ ಮಕ್ಕಳು ಈಗ ನಮ್ಮ ಹೋಟೆಲ್ ಕುಟುಂಬಗಳಲ್ಲೂ ಹೆಚ್ಚುತ್ತಿದ್ದಾರೆ. 2022-23ರಿಂದ ಆ ದೇಶದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನದವರನ್ನು ಹಿಂದೆ ಹಾಕಿ ಭಾರತೀಯರೇ ಮೊದಲ ಸ್ಥಾನದಲ್ಲಿದ್ದಾರೆ. ನಮ್ಮ ಪುಣೆಯ ಸದಸ್ಯರೊಬ್ಬರ ಮಗ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹೆಸರಾಂತ ಬಿಯರ್ ಜಾತ್ರೆ 'ಒಕ್ಟೋಬರ್‌ಫೆಸ್ಟ್'ಗೆ ನಾಲ್ವರು ಸ್ನೇಹಿತರೊಡನೆ ಹೋಗಿ ಬಂದ. ಆಮೇಲೆ ತಂದೆಗೆ ನಾಲ್ಕು ಪುಟದ ಪತ್ರ ಬರೆದ. ಹಾಡು, ಕುಣಿತ, ವೇಷಭೂಷಣದ ವಿಷಯ ಅರ್ಧ ಪುಟ. ಉಳಿದ ಮೂರೂವರೆ ಪುಟ ಬಿಲ್ ಹೇಗೆ ಮಾಡುತ್ತಾರೆ, ಲೋಟ ಎಲ್ಲಿ ತೊಳೆಯುತ್ತಾರೆ, ಸಪ್ಲೈಯರ್‌ಗಳಿಗೆ ಸಂಬಳ ಹೇಗೆ ಎಂಬುದೇ. ಹೋಟೆಲಿನವರ ಮಗ ಎಲ್ಲಿ ಹೋದರೂ ಹೋಟೆಲಿನವರ ಮಗನೇ. ಆ ತಂದೆ ಪತ್ರವನ್ನು ನಮಗೆ ಕೊಟ್ಟರು. ಅದರಲ್ಲಿದ್ದ ವಿಷಯಕ್ಕೆ ನಾವು ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಇತಿಹಾಸ. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್‌ಗೂ ರಾಜಕುಮಾರಿ ಥೆರೇಸಾಗೂ ಮ್ಯೂನಿಕ್‌ನಲ್ಲಿ ಮದುವೆಯಾಯಿತು. ಐದು ದಿನಗಳ ನಂತರ ಊರ ಹೊರಗಿನ ಬಯಲಲ್ಲಿ ಕುದುರೆ ರೇಸ್ ನಡೆಯಿತು. ರಾಣಿಯ ಹೆಸರಿನಲ್ಲಿ ಆ ಬಯಲಿಗೆ 'ಥೆರೇಸಿಯನ್‌ವೀಸೆ' ಎಂದು ಹೆಸರಾಯಿತು. ಊರಿನವರು ಇಂದಿಗೂ ಜಾತ್ರೆಯನ್ನು ಚಿಕ್ಕದಾಗಿ 'ವೀಸನ್' ಎನ್ನುತ್ತಾರೆ. ಮರುವರ್ಷ ಕೃಷಿ ಪ್ರದರ್ಶನ ಸೇರಿಕೊಂಡಿತು, ವರ್ಷ ವರ್ಷ ಜನ ಸೇರತೊಡಗಿದರು. ಅಂದರೆ ಮದುವೆಯ ಸಂಭ್ರಮದಿಂದ ಹುಟ್ಟಿದ ಜಾತ್ರೆ. ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಚಳಿ ಏರುವ ಮೊದಲೇ ಮುಗಿಯಲಿ ಎಂದು ಈಗ ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ. ಸಾಮಾನ್ಯವಾಗಿ 16 ದಿನ, ಕೆಲವು ವರ್ಷ 17 ಅಥವಾ 18 ದಿನ. ಮಹಾಯುದ್ಧಗಳ ಕಾಲದಲ್ಲಿ ನಿಂತಿತ್ತು, ಕಾಲರಾದಿಂದ 1854 ಮತ್ತು 1873ರಲ್ಲಿ ನಿಂತಿತ್ತು, ಕೊರೋನಾದಿಂದ 2020 ಮತ್ತು 2021ರಲ್ಲಿ ನಿಂತಿತು. ಆ ಎರಡು ವರ್ಷ ನಾವು ಕಂಡ ಕಷ್ಟವನ್ನು ಅಲ್ಲಿನ ಹೋಟೆಲಿನವರೂ ಕಂಡರು ಎಂದಷ್ಟೇ ಹೇಳಿದರೆ ಸಾಕು.

ಈಗ ಗಾತ್ರ ನೋಡಿ. 2023ರಲ್ಲಿ 18 ದಿನಕ್ಕೆ ಸುಮಾರು 72 ಲಕ್ಷ ಜನ ಬಂದರು, ಇದುವರೆಗಿನ ದಾಖಲೆ. 2024ರಲ್ಲಿ 16 ದಿನಕ್ಕೆ ಸುಮಾರು 67 ಲಕ್ಷ ಜನ, ಖರ್ಚಾದ ಬಿಯರ್ ಸುಮಾರು 70 ಲಕ್ಷ ಲೀಟರ್. ದಿನಕ್ಕೆ ನಾಲ್ಕು ಲಕ್ಷ ಗಿರಾಕಿಗಳು! ಬಯಲಿಗೆ ಪ್ರವೇಶ ಪೂರ್ತಿ ಉಚಿತ. ಒಳಗೆ ದೊಡ್ಡ ಪೆಂಡಾಲ್‌ಗಳು 14, ಚಿಕ್ಕವು ಇಪ್ಪತ್ತಕ್ಕೂ ಮೇಲೆ. ಪೆಂಡಾಲ್ ಎಂದರೆ ನಮ್ಮ ಮದುವೆ ಚಪ್ಪರದ ಹಾಗೆ ಎಂದು ತಿಳಿಯಬೇಡಿ. ಅಡಿಗೆಮನೆ, ಕೋಲ್ಡ್ ಸ್ಟೋರೇಜ್, ಬ್ಯಾಂಡ್ ವೇದಿಕೆ ಎಲ್ಲ ಇರುವ ಮರದ ಕಟ್ಟಡಗಳು ಅವು. ಒಂದೊಂದರಲ್ಲಿ ಸಾವಿರಾರು ಜನ ಕೂರುತ್ತಾರೆ. ಜುಲೈಯಿಂದ ಕಟ್ಟಲು ಶುರು ಮಾಡಿ, ಜಾತ್ರೆ ಮುಗಿದ ಮೇಲೆ ಪೂರ್ತಿ ಬಿಚ್ಚಿ ಗೋಡೌನಿಗೆ ಸೇರಿಸುತ್ತಾರೆ. ಷೊಟನ್‌ಹಾಮೆಲ್ ಎಂಬ ಪೆಂಡಾಲ್ 1867ರಲ್ಲಿ 50 ಸೀಟಿನ ಅಂಗಡಿಯಾಗಿ ಶುರುವಾಯಿತು. ಇಂದು ಅದೇ ಮನೆತನದ ಕೈಯಲ್ಲಿ ಸುಮಾರು 10,000 ಸೀಟು. ಉದ್ಘಾಟನೆಯ ಶನಿವಾರ ಮಧ್ಯಾಹ್ನ 12ಕ್ಕೆ ನಗರದ ಮೇಯರ್ ಅಲ್ಲಿಯೇ ಮೊದಲ ಪೀಪಾಯಿಗೆ ನಲ್ಲಿ ಬಡಿದು ಕೂರಿಸುವುದು 1950ರಿಂದ ಬಂದ ಪದ್ಧತಿ. ಅದಾಗುವ ತನಕ ಯಾವ ಪೆಂಡಾಲ್‌ನಲ್ಲೂ ಒಂದು ತೊಟ್ಟು ಬಿಯರ್ ಕೊಡುವಂತಿಲ್ಲ.

ಬಿಯರ್ ಕೊಡುವ ಹಕ್ಕು ಇರುವುದು ಮ್ಯೂನಿಕ್ ನಗರದ ಆರೇ ಆರು ಕಂಪನಿಗಳಿಗೆ: ಆಗಸ್ಟಿನರ್, ಹಾಕರ್-ಪ್ಶೋರ್, ಹೋಫ್‌ಬ್ರಾಯ್, ಲೋವೆನ್‌ಬ್ರಾಯ್, ಪೌಲಾನರ್, ಶ್ಪಾಟನ್. ಬಿಯರ್ ನಗರದ ಗಡಿಯೊಳಗೇ ತಯಾರಾಗಿರಬೇಕು. ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಎಂದು ಬವೇರಿಯಾದ ದೊರೆ 1516ರಲ್ಲೇ ಹಾಕಿದ ಕಟ್ಟಳೆಯ ಹೆಮ್ಮೆ ಈಗಲೂ ಅವರಿಗಿದೆ. ಜಾಗತಿಕ ಕಂಪನಿಗಳು ಎಷ್ಟು ದುಡ್ಡು ಸುರಿದರೂ ಹೊರಗಿನ ಬಿಯರ್ ಒಳಗೆ ಬರುವುದಿಲ್ಲ. ಪೆಂಡಾಲ್ ನಡೆಸುವ ಹೋಟೆಲಿನವರು ಪ್ರತಿ ವರ್ಷ ನಗರಸಭೆಗೆ ಅರ್ಜಿ ಹಾಕಬೇಕು. ಅನುಭವ, ಸ್ಥಳೀಯತೆ, ಪರಿಸರ ಕಾಳಜಿ ಮುಂತಾದವಕ್ಕೆ ಅಂಕ ಕೊಟ್ಟು ಆರಿಸುತ್ತಾರೆ. ವ್ಯಾಪಾರದಲ್ಲಿ ಒಂದು ಪಾಲು ನಗರಕ್ಕೆ ಬಾಡಿಗೆ. ದರವನ್ನು ನಗರಸಭೆ ನಿಗದಿ ಮಾಡುವುದಿಲ್ಲ, ಆದರೆ ಊರಿನ ಉಳಿದ ಹೋಟೆಲುಗಳ ದರದೊಡನೆ ತಾಳೆ ನೋಡುತ್ತದೆ. 2024ರಲ್ಲಿ ಒಂದು ಲೀಟರ್ ಬಿಯರಿಗೆ 13.60ರಿಂದ 15.30 ಯೂರೋ, 2025ರಲ್ಲಿ 14.50ರಿಂದ 15.80 ಯೂರೋ. 2024ರ ಲೆಕ್ಕದಲ್ಲಿ ಒಂದು ಮಗ್ಗಿಗೆ ಸುಮಾರು 1,400 ರೂಪಾಯಿ. ವೀಸಾಕ್ಕಾಗಿ ಬ್ಯಾಂಕಿನಲ್ಲಿ ಹಣ ತೋರಿಸಿ ಹೋದ ಹುಡುಗರಿಗೆ ಇದು ಚಿಕ್ಕ ಮೊತ್ತವಲ್ಲ. ನಮ್ಮ ಹುಡುಗರು ಐವರೂ ತಲಾ ಒಂದೇ ಮಗ್ ಕುಡಿದು ಎದ್ದರಂತೆ.

ಒಂದು ಮಗ್ ಎಂದರೂ ಕಡಿಮೆ ಅಲ್ಲ. ಅಳತೆ ಪೂರ್ತಿ ಒಂದು ಲೀಟರ್, ಅದಕ್ಕಿಂತ ಚಿಕ್ಕದು ದೊಡ್ಡ ಪೆಂಡಾಲ್‌ಗಳಲ್ಲಿ ಸಾಮಾನ್ಯವಾಗಿ ಸಿಗದು. ಜಾತ್ರೆಗೆಂದೇ ಮಾಡುವ ಈ ಬಿಯರಿನಲ್ಲಿ ಆಲ್ಕೋಹಾಲ್ ಶೇ. 6ರ ಆಸುಪಾಸು. ಪರ್ಮಿಟ್ ರೂಮ್ ಇರುವ ನಮ್ಮ ಸದಸ್ಯರು ಲೆಕ್ಕ ಹಾಕಲಿ: ಎರಡು ಲಾರ್ಜ್ ವಿಸ್ಕಿಗಿಂತ ಹೆಚ್ಚು. ಹೊಟ್ಟೆಗೆ ಏನೂ ಇಲ್ಲದೆ ಬೆಳಿಗ್ಗೆ ಕುಡಿದ ಹೊರದೇಶದ ಹುಡುಗರು ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮೇಲೆ ಮಲಗಿರುವುದು ಅಲ್ಲಿ ದಿನನಿತ್ಯದ ದೃಶ್ಯ. ಮಕ್ಕಳನ್ನು ಕಳಿಸಿದ ತಂದೆ ತಾಯಂದಿರು ಇದನ್ನು ಅಗತ್ಯ ತಿಳಿಹೇಳಬೇಕು.

ಇನ್ನು ನಮಗೆ ಮುಖ್ಯವಾದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಒಳಗೆ ಕೂರಲು ಜಾಗ ಸಿಕ್ಕಿದರೆ ಮಾತ್ರ ಬಿಯರ್. ನಿಂತವನಿಗೆ, ದಾರಿಯಲ್ಲಿ ಸುತ್ತುವವನಿಗೆ ಹೆಚ್ಚಿನ ಕಡೆ ಸರ್ವಿಸ್ ಇಲ್ಲ. ಮೇಜು ಬುಕ್ ಮಾಡಬೇಕಾದರೆ ಸಾಮಾನ್ಯವಾಗಿ ಹತ್ತು ಜನರ ಪೂರ್ತಿ ಮೇಜನ್ನೇ ಹಿಡಿಯಬೇಕು. ಬುಕಿಂಗಿಗೆ ಪ್ರತ್ಯೇಕ ಹಣವಿಲ್ಲ, ಬದಲಿಗೆ ತಲೆಗೆ ಎರಡು ಲೀಟರ್ ಬಿಯರ್ ಮತ್ತು ಅರ್ಧ ಹುರಿದ ಕೋಳಿಯ ಕೂಪನ್ ಮುಂಚಿತವಾಗಿಯೇ ಕೊಳ್ಳಬೇಕು. ಗಿರಾಕಿ ಬರಲಿ ಬಾರದಿರಲಿ, ಧನಿಯ ದುಡ್ಡು ಕೈಗೆ ಬಂದಿರುತ್ತದೆ. ಭಾನುವಾರ ಇಪ್ಪತ್ತು ಜನರಿಗೆ ಮೇಜು ಹಿಡಿಯಿರಿ ಎಂದು ಫೋನ್ ಮಾಡಿ, ಕೊನೆಗೆ ಎಂಟು ಜನ ಬಂದು ಎರಡು ದೋಸೆ ಹಂಚಿಕೊಳ್ಳುವ ಗಿರಾಕಿಗಳನ್ನು ಕಂಡ ನಮಗೆ ಈ ಪದ್ಧತಿಯ ಬೆಲೆ ಗೊತ್ತು. ಹಾಗೆಂದು ಪೂರ್ತಿ ಬುಕ್ ಮಾಡಿಸುವಂತೆಯೂ ಇಲ್ಲ. ಇಷ್ಟು ಸೀಟನ್ನು ಬಂದವರಿಗೆ ಬಿಡಲೇಬೇಕೆಂದು ನಗರಸಭೆಯ ನಿಯಮವಿದೆ, ಶನಿವಾರ ಭಾನುವಾರ ಇನ್ನೂ ಹೆಚ್ಚು. ನಮ್ಮ ಹುಡುಗರು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದದ್ದರಿಂದ ಬುಕಿಂಗ್ ಇಲ್ಲದೆಯೂ ಜಾಗ ಸಿಕ್ಕಿತು. ಒಂದು ಮೇಜಿನಲ್ಲಿ ಆಗಲೇ ಕೂತಿದ್ದ ವಯಸ್ಸಾದ ದಂಪತಿಗಳು ಸರಿದು ಕೂತು ಜಾಗ ಕೊಟ್ಟರಂತೆ. ನಮ್ಮ ಹೋಟೆಲುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅಪರಿಚಿತರು ಒಂದೇ ಮೇಜಿಗೆ ಕೂರುವ ಹಾಗೆಯೇ.

ಸಪ್ಲೈ ಮಾಡುವವರು ಹೆಚ್ಚಾಗಿ ಹೆಂಗಸರು. ಖಾಲಿ ಗಾಜಿನ ಮಗ್ ಒಂದಕ್ಕೇ ಸುಮಾರು 1.3 ಕಿಲೋ ತೂಕ, ತುಂಬಿದರೆ 2.3 ಕಿಲೋ. ಒಂದು ಸಲಕ್ಕೆ ಹತ್ತು ಮಗ್ ಹಿಡಿದು ಜನರ ನಡುವೆ ನುಗ್ಗುವುದೆಂದರೆ 23 ಕಿಲೋ ಹೊತ್ತು ಓಡಿದಂತೆ, ಅದೂ ದಿನವಿಡೀ, ಹದಿನಾರು ದಿನ ಬಿಡುವಿಲ್ಲದೆ. ಆದರೂ ಆ ಕೆಲಸಕ್ಕೆ ಜನ ಮುಗಿಬೀಳುತ್ತಾರೆ. ಬೇರೆ ಕಡೆ ಕಾಯಂ ಕೆಲಸವಿದ್ದವರೂ ವರ್ಷದ ರಜೆಯನ್ನೆಲ್ಲ ಉಳಿಸಿ ಇಲ್ಲಿಗೆ ಬರುತ್ತಾರೆ, ಅದೇ ಪೆಂಡಾಲ್‌ಗೆ ವರ್ಷ ವರ್ಷ ಮರಳಿ ಬರುವವರಿದ್ದಾರೆ. ಏಕೆ? ಅವರ ಸಂಪಾದನೆ ತಾವು ಮಾರಿದ್ದರ ಮೇಲೆ ನಿಂತಿದೆ. ಪ್ರತಿಯೊಬ್ಬರಿಗೂ ಇಷ್ಟು ಮೇಜು ಎಂದು ಹಂಚಿಕೆಯಾಗಿರುತ್ತದೆ. ಕೌಂಟರಿನಿಂದ ಬಿಯರನ್ನು ತಮ್ಮ ಲೆಕ್ಕಕ್ಕೆ ಎತ್ತುತ್ತಾರೆ, ಗಿರಾಕಿಯಿಂದ ಕೂಡಲೇ ಹಣ ಪಡೆದು ಸೊಂಟದ ದೊಡ್ಡ ಚೀಲಕ್ಕೆ ಹಾಕುತ್ತಾರೆ, ಧನಿಗೆ ಲೆಕ್ಕ ಒಪ್ಪಿಸಿ ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ. ಟಿಪ್ಸ್ ಪೂರ್ತಿ ಅವರದು. ಗಲ್ಲಾದ ಎದುರು ಬಿಲ್ ಹಿಡಿದು ಕ್ಯೂ ಇಲ್ಲ, 'ಯಾವ ಮೇಜಿನ ಬಿಲ್ ಬರಲಿಲ್ಲ' ಎಂಬ ಕೂಗಾಟವಿಲ್ಲ. ಹಣ ಕೊಡದೆ ಗಿರಾಕಿ ಎದ್ದುಹೋದರೆ ನಷ್ಟ ತಮ್ಮದೇ ಆದ್ದರಿಂದ ಅವರ ಕಣ್ಣು ಮೇಜಿನ ಮೇಲೆಯೇ ಇರುತ್ತದೆ.

ಹುಡುಗರು ನಿಲ್ಲುವುದಿಲ್ಲ, ಊರಿನಿಂದ ಬರುವವರೇ ಇಲ್ಲ ಎಂಬ ನಮ್ಮ ಸಭೆಗಳ ನಿತ್ಯದ ದೂರಿಗೆ ಇದು ಉತ್ತರವೇ? ಪೂರ್ತಿ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಹದಿನಾರು ದಿನದ ಸೀಸನ್ನಿಗೆ ಹೊಂದುವ ಏರ್ಪಾಡು ಮಳೆಗಾಲದ ಖಾಲಿ ಮಧ್ಯಾಹ್ನಗಳಿಗೆ ಹೊಂದುವುದಿಲ್ಲ. ಗಿರಾಕಿ ಇಲ್ಲದ ದಿನ ಹುಡುಗನನ್ನು ಉಪವಾಸ ಕೆಡವಲಾಗದು, ಸಂಬಳದ ಕಾನೂನೂ ಒಪ್ಪದು. ಆದರೆ ನವರಾತ್ರಿ, ದೀಪಾವಳಿ, ಮದುವೆ ಕೇಟರಿಂಗ್ ಸೀಸನ್‌ಗಳಲ್ಲಿ ಕಾಯಂ ಸಂಬಳದ ಮೇಲೆ ಮಾರಾಟದ ಒಂದು ಪಾಲು ಕೊಟ್ಟರೆ ಹೇಗೆ ಎಂದು ಯೋಚಿಸಬಹುದು. ನಮ್ಮಲ್ಲಿ ಟಿಪ್ಸ್ ತಟ್ಟೆಗೆ ಬಿದ್ದ ಹಣ ಎಷ್ಟು ಕೈ ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಅಳತೆಯ ವಿಷಯದಲ್ಲಿ ಒಂದು ತಮಾಷೆಯ ಸಂಗತಿ. ಮಗ್ಗಿನಲ್ಲಿ ಒಂದು ಲೀಟರಿನ ಗೆರೆ ಇರುತ್ತದೆ. ನೊರೆ ಹೆಚ್ಚು ಮಾಡಿ ಬಿಯರ್ ಕಡಿಮೆ ಹಾಕುತ್ತಾರೆ ಎಂಬ ದೂರು ಹಳೆಯದು. ಎಷ್ಟು ಹಳೆಯದೆಂದರೆ, 'ಮೋಸದ ಸುರಿಯುವಿಕೆಯ ವಿರುದ್ಧ ಸಂಘ' ಎಂಬ ಅರ್ಥದ ಹೆಸರಿನ ಒಂದು ಸಂಘವನ್ನೇ ಮ್ಯೂನಿಕ್‌ನ ಗಿರಾಕಿಗಳು 1899ರಲ್ಲಿ ಕಟ್ಟಿದರು, 1970ರಲ್ಲಿ ಅದಕ್ಕೆ ಮರುಜೀವ ಕೊಟ್ಟರು. ನಗರದ ಅಧಿಕಾರಿಗಳೂ ಪೆಂಡಾಲ್‌ಗಳಿಗೆ ಬಂದು ಗೆರೆ ನೋಡುತ್ತಾರೆ. ತೂಕ ಅಳತೆ ಇಲಾಖೆಯವರ ಭೇಟಿ ನಮಗೊಬ್ಬರಿಗೇ ಎಂದು ಬೇಸರಪಡುವವರು ಸಮಾಧಾನಪಡಬಹುದು. ಗಿರಾಕಿಗಳೂ ಏನು ಸಾಚಾಗಳಲ್ಲ: ಮಗ್ಗನ್ನು ಚೀಲದಲ್ಲಿ ಅಡಗಿಸಿ ಒಯ್ಯುವಾಗ ಬಾಗಿಲಲ್ಲಿ ಕಾವಲಿನವರ ಕೈಗೆ ಸಿಕ್ಕುವ ಮಗ್ಗುಗಳೇ ವರ್ಷಕ್ಕೆ ಒಂದು ಲಕ್ಷದ ಹತ್ತಿರ. ನಮ್ಮ ಸ್ಟೀಲ್ ಚಮಚಗಳ ಲೆಕ್ಕ ಇಟ್ಟವರು ಯಾರೂ ಇಲ್ಲ!

ಇನ್ನೊಂದು ಗಮನಿಸಬೇಕಾದ ವಿಷಯ. ಇಂಥ ದೊಡ್ಡ ಜಾತ್ರೆಗಳಲ್ಲಿ ಬಳಸಿ ಬಿಸಾಡುವ ತಟ್ಟೆ ಲೋಟಗಳನ್ನು ಮ್ಯೂನಿಕ್ ನಗರ 1991ರಲ್ಲೇ ನಿಷೇಧಿಸಿತು. ದಿನಕ್ಕೆ ನಾಲ್ಕು ಲಕ್ಷ ಜನರಿಗೆ ಗಾಜು, ಪಿಂಗಾಣಿ ತೊಳೆದೇ ಕೊಡುತ್ತಾರೆ. ನಮ್ಮ ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ಅಸಾಧ್ಯ ಎಂದು ಗಲಾಟೆ ಮಾಡಿದವರಲ್ಲಿ ನಾವೂ ಇದ್ದೆವು. ಕೇಟರಿಂಗ್ ಮಾಡುವವರು ಪಾತ್ರೆ ತೊಳೆಯುವ ಯಂತ್ರದ ಬಗ್ಗೆ ಖರ್ಚು ಎಂದಷ್ಟೇ ನೋಡದೆ ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ಅಲ್ಲಿನ ಮುಖ್ಯ ತಿನಿಸು ಮಾಂಸವೇ. ಇಡೀ ಎತ್ತನ್ನು ಕೋಲಿಗೆ ಸಿಕ್ಕಿಸಿ ಸುಡುವ ಪೆಂಡಾಲ್ ಒಂದು 1881ರಿಂದ ನಡೆದುಬಂದಿದೆ, ಹುರಿದ ಕೋಳಿ ಎಲ್ಲೆಡೆ. ಐವರಲ್ಲಿ ಒಬ್ಬ ಹುಡುಗ ಶುದ್ಧ ಸಸ್ಯಾಹಾರಿ, ಅವನಿಗೂ ಹೊಟ್ಟೆ ತುಂಬಿತು: ದೊಡ್ಡ ಉಪ್ಪಿನ ಬ್ರೆಡ್ 'ಬ್ರೆತ್ಸನ್', ಅದಕ್ಕೆ ಹಚ್ಚಲು ಚೀಸ್, ಬೆಣ್ಣೆ, ಕೆಂಪು ಮೆಣಸಿನ ಪುಡಿ ಕಲಸಿದ 'ಒಬಾಟ್ಸ್ಡಾ', ಸುರುಳಿಯಾಗಿ ಹೆಚ್ಚಿ ಉಪ್ಪು ಸವರಿದ ಬಿಳಿ ಮೂಲಂಗಿ. ಮೂಲಂಗಿಗೆ ಉಪ್ಪು ಹಚ್ಚಿ ಅಷ್ಟು ದುಡ್ಡಿಗೆ ಮಾರಬಹುದೆಂದು ಗೊತ್ತೇ ಇರಲಿಲ್ಲ ಎಂದು ಬರೆದಿದ್ದಾನೆ. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯ ಅಂಗಡಿಗಳಿಗೂ ಕೊರತೆಯಿಲ್ಲ. ಮೊಟ್ಟೆ ಬೇಡದವರು ನೂಡಲ್ಸ್ ತರಹದ 'ಶ್ಪೆಟ್ಸ್‌ಲೆ' ತಿನ್ನಬಾರದು, ಅದರ ಹಿಟ್ಟಿನಲ್ಲೇ ಮೊಟ್ಟೆ ಇರುತ್ತದೆ.

ಜನಜಂಗುಳಿಯ ಭಯವೂ ಇದೆ. 1980ರ ಸೆಪ್ಟೆಂಬರ್ 26ರಂದು ಇಲ್ಲಿ ಬಾಂಬ್ ಸಿಡಿದು 13 ಜನ ಸತ್ತಿದ್ದರು. 2025ರಲ್ಲಿ ಸೆಪ್ಟೆಂಬರ್ 27ರ ಶನಿವಾರ ಜನ ಮಿತಿಮೀರಿ ಸೇರಿದ್ದರಿಂದ ಸ್ವಲ್ಪ ಹೊತ್ತು ಬಾಗಿಲು ಮುಚ್ಚಬೇಕಾಯಿತು. ಅಕ್ಟೋಬರ್ 1ರಂದು ಬಾಂಬ್ ಬೆದರಿಕೆಯಿಂದ ಸಂಜೆಯ ತನಕ ಜಾತ್ರೆ ಬಂದ್. 16 ದಿನದ ವ್ಯಾಪಾರದಲ್ಲಿ ಒಂದು ದಿನದ ಬಹುಪಾಲು ಹೋದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಬೇಕಿಲ್ಲ. ತರಿಸಿಟ್ಟ ಕೋಳಿ, ಹಿಟ್ಟು, ತರಕಾರಿ ಕಾಯುವುದಿಲ್ಲ.

'ಒಕ್ಟೋಬರ್‌ಫೆಸ್ಟ್' ಹೆಸರಿನಲ್ಲಿ ಮುಂಬಯಿ, ಪುಣೆ, ಬೆಂಗಳೂರಿನ ಹೋಟೆಲುಗಳಲ್ಲೂ ಈಗ ಬಿಯರ್ ಉತ್ಸವ ನಡೆಯುತ್ತದೆ, ನಮ್ಮ ಸದಸ್ಯರೂ ಕೆಲವರು ಕೇಳಿದ್ದಾರೆ. ಮಾಡುವವರು ಒಂದನ್ನು ಮರೆಯಬಾರದು: ಮೂಲ ಜಾತ್ರೆಯ ದಿನಗಳೊಳಗೆ ಅಕ್ಟೋಬರ್ 2 ಪ್ರತಿ ವರ್ಷವೂ ಬೀಳುತ್ತದೆ, ಗಾಂಧಿ ಜಯಂತಿಯಂದು ನಮ್ಮಲ್ಲಿ ಡ್ರೈ ಡೇ. ಬ್ಯಾನರ್ ಅಚ್ಚು ಹಾಕಿಸುವ ಮೊದಲು ಕ್ಯಾಲೆಂಡರ್ ನೋಡಿ.

ಪತ್ರದ ಕೊನೆಯಲ್ಲಿ ಹುಡುಗ ತಂದೆಯನ್ನು ಕೇಳಿದ್ದು: "ಅಪ್ಪ, ಮುಂದಿನ ವರ್ಷ ನಾನೂ ಪೆಂಡಾಲ್‌ನಲ್ಲಿ ಕೆಲಸ ಮಾಡಲಾ?" ಇಂಜಿನಿಯರ್ ಆಗಲು ಕಳಿಸಿದ್ದು ಮಗ್ ತೊಳೆಯಲಿಕ್ಕಾ ಎಂದು ತಂದೆಗೆ ಸಿಟ್ಟು ಬಂತು. ಅವರಿಗೂ ನಾವು ಹೇಳಿದ್ದು ಇಷ್ಟೇ, ತಾವು ಹದಿನಾಲ್ಕನೇ ವಯಸ್ಸಿಗೆ ಬಂದು ಏನು ತೊಳೆಯುತ್ತಿದ್ದಿರಿ ಎಂದು. ಕಾನೂನಿನ ಅಡ್ಡಿಯಿಲ್ಲ: 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಮೊದಲು ಇದು 120 ಮತ್ತು 240 ಇತ್ತು. ಸಪ್ಲೈಗೆ ಜರ್ಮನ್ ಭಾಷೆ ಚೆನ್ನಾಗಿ ಬರಬೇಕು. ಅಡಿಗೆಮನೆ, ಪಾತ್ರೆ ತೊಳೆಯುವ ಕಡೆ ಅಷ್ಟು ಬೇಕಾಗದು. ಕೆಲಸ ಕೇಳುವವರು ಜಾತ್ರೆಗೆ ಎಷ್ಟೋ ತಿಂಗಳು ಮೊದಲೇ ಪೆಂಡಾಲ್ ನಡೆಸುವವರಿಗೆ ಬರೆಯಬೇಕು. ನೋಡಲು ಮಾತ್ರ ಹೋಗುವವರು ವಾರದ ನಡುವಿನ ದಿನ, ಬೆಳಿಗ್ಗೆ ಹೋಗಲಿ. ಮೂರು ಲೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಕೈಯಲ್ಲಿ ನಗದು ಇರಲಿ. 2026ರ ಜಾತ್ರೆಯ ದಿನಗಳು ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರ ತನಕ.