ಜಾಲರಿಗೆ ಬಳಿದ ಸಿಮೆಂಟಿನ ಸೂರು

ಮೊದಲು ಮರದ ಚೌಕಟ್ಟು. ಅದರ ಮೇಲೆ ಗಾಜಿನೆಳೆಯ ಜಾಲರಿಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯುತ್ತಾರೆ. ಬಕೆಟ್ಟಿನಲ್ಲಿ ಸಿಮೆಂಟು, ನುಣುಪು ಮರಳು, ಅಕ್ರಿಲಿಕ್ ಲೇಟೆಕ್ಸ್ ಕಲಸಿ ಬ್ರಷ್ಷಿನಿಂದ ಪದರ ಪದರವಾಗಿ ಬಳಿಯುತ್ತಾರೆ. ಸುಮಾರು ಒಂದು ಸೆಂಟಿಮೀಟರ್ ದಪ್ಪವಾದರೆ ಚಾವಣಿ ಸಿದ್ಧ. ಸೆಂಟ್ರಿಂಗ್ ಇಲ್ಲ, ಕಬ್ಬಿಣದ ಸರಳೂ ಇಲ್ಲ.

ಅಮೆರಿಕದ ಡೆನ್ವರ್‌ನ ನಗರ ಯೋಜಕ ಜಾರ್ಜ್ ನೆಜ್ ಈ ವಿಧಾನದ ಹಿಂದೆ ಬಿದ್ದವರಲ್ಲಿ ಪ್ರಮುಖರು. ಎಂಜಿನಿಯರ್ ಆಲ್ಬರ್ಟ್ ನಾಟ್ ಜೊತೆ ಅವರು ಬರೆದ ‘ಲೇಟೆಕ್ಸ್ ಕಾಂಕ್ರೀಟ್ ಹ್ಯಾಬಿಟ್ಯಾಟ್’ 2005ರಲ್ಲಿ ಹೊರಬಂತು. ಅವರ ಚಾವಣಿಗಳದ್ದು ಕುದುರೆಯ ಜೀನಿನ ಆಕಾರ. ಎಂಜಿನಿಯರುಗಳ ಬಾಯಲ್ಲಿ ಹೈಪಾರ್. ಮೆಕ್ಸಿಕೊದ ಸೊಚಿಮಿಲ್ಕೊದಲ್ಲಿ ಫೆಲಿಕ್ಸ್ ಕ್ಯಾಂಡೆಲಾ 1958ರಲ್ಲಿ ಕಟ್ಟಿದ ರೆಸ್ಟೋರೆಂಟಿನ ತೆಳು ಕಾಂಕ್ರೀಟ್ ಚಿಪ್ಪೂ ಇದೇ ಕುಲದ್ದು. ಬಲ ಇರುವುದು ದಪ್ಪದಲ್ಲಲ್ಲ, ಬಾಗಿನಲ್ಲಿ. ಹತ್ತು ಸೆಂಟಿಮೀಟರ್ ದಪ್ಪದ ಆರ್‌ಸಿಸಿ ಚಾವಣಿ ಚದರ ಮೀಟರಿಗೆ ಸುಮಾರು 250 ಕಿಲೊ ತೂಗಿದರೆ, ಇದು 20 ಕಿಲೊ ಆಸುಪಾಸು. ಭೂಕಂಪದ ನಾಡಿಗೆ ಇದು ವರ. ಗಾಳಿಯ ನಾಡಿನಲ್ಲಿ ಮಾತ್ರ ಚೌಕಟ್ಟನ್ನು ಗೋಡೆಗೆ, ಗೋಡೆಯನ್ನು ಪಾಯಕ್ಕೆ ಬಿಗಿಯದಿದ್ದರೆ ಸೂರೇ ಹಾರೀತು.

ಲೇಟೆಕ್ಸ್ ಎಂದೊಡನೆ ನಮಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟ ನೆನಪಾಗುತ್ತದೆ. 1920ರ ದಶಕದ ಮೊದಲ ಪೇಟೆಂಟುಗಳು ಸಿಮೆಂಟಿಗೆ ಬೆರೆಸಿದ್ದೂ ಮರದ ಹಾಲನ್ನೇ. ಆದರೆ ಅದು ಸಿಮೆಂಟು ತಾಕಿದರೆ ಬೇಗ ಹೆಪ್ಪುಗಟ್ಟುತ್ತದೆ. ಹಾಗಾಗಿ ಈಗ ಬಳಕೆಯಲ್ಲಿರುವುದು ಕಾರ್ಖಾನೆಯ ಅಕ್ರಿಲಿಕ್ ಮತ್ತು ಎಸ್‌ಬಿಆರ್ ಎಂಬ ಕೃತಕ ರಬ್ಬರ್. ಸಿಮೆಂಟು ನೀರು ಹೀರಿ ಗಟ್ಟಿಯಾಗುತ್ತಿದ್ದಂತೆ ಲೇಟೆಕ್ಸಿನ ಕಣಗಳು ಒಂದಕ್ಕೊಂದು ಅಂಟಿ, ರಂಧ್ರಗಳೊಳಗೆ ಪೊರೆ ಕಟ್ಟುತ್ತವೆ. ನೀರು ಇಳಿಯದು, ಕೂದಲೆಳೆ ಬಿರುಕು ಹಬ್ಬದು. ಈ ಪೊರೆ ಕಟ್ಟಲು ಒಣಗಾಳಿ ಬೇಕು. ಏಳು ದಿನ ನೀರುಣಿಸುವ ನಮ್ಮ ಗಾರೆ ಮೇಸ್ತ್ರಿಗಳ ಅಭ್ಯಾಸ ಇಲ್ಲಿ ನಡೆಯದು. ಒಂದೆರಡು ದಿನ ತೇವ ಕಾಯ್ದು ಆಮೇಲೆ ಒಣಗಲು ಬಿಡಬೇಕು.

ಬಾಳಿಕೆ ಕೆಡುವುದು ಎಲ್ಲಿಂದ? ಚಾವಣಿಯ ನಡುವಿನಿಂದ ಅಪರೂಪ, ಅಂಚಿನಿಂದಲೇ ಹೆಚ್ಚು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಸಿಮೆಂಟು ಅದರ ತಾಳಕ್ಕೆ ಕುಣಿಯದು. ಚೌಕಟ್ಟಿಗೆ ಪದರ ತಾಗುವಲ್ಲಿ ಬಿರುಕು ಬಿಟ್ಟು, ಸೇರಿದ ನೀರು ಮರವನ್ನೇ ಕೊಳೆಸುತ್ತದೆ. ಗಾಜಿನೆಳೆಯೂ ನಿಶ್ಚಿಂತೆಯದಲ್ಲ: ಸಿಮೆಂಟಿನ ಕ್ಷಾರ ಸಾಮಾನ್ಯ ಗಾಜನ್ನು ತಿನ್ನುತ್ತದೆ. ಕ್ಷಾರ ತಡೆಯುವ ಜಾಲರಿಗೆ ದುಡ್ಡು ಹೆಚ್ಚು, ಆದರೂ ಅದನ್ನೇ ಕೊಳ್ಳುವುದು ಒಳಿತು. ಎಸ್‌ಬಿಆರ್ ಬಿಸಿಲಿಗೆ ಹಳದಿಯಾಗಿ ಸೊರಗುವುದರಿಂದ ಅದು ಒಳಪದರಕ್ಕೆ, ಮೇಲ್ಮೈಗೆ ಅಕ್ರಿಲಿಕ್. ಮರಗೆಲಸದ ಬಿಳಿ ಅಂಟನ್ನು ಅಗ್ಗವೆಂದು ಬೆರೆಸುವ ಜಾಣರೂ ಇದ್ದಾರೆ. ನೀರು ಬಿದ್ದಾಗ ಅದು ಮತ್ತೆ ಮೆತ್ತಗಾಗುತ್ತದೆ.

ನಿರ್ವಹಣೆಯ ಪಾಠ ಮಲೆನಾಡಿನವರಿಗೆ ಹೊಸದಲ್ಲ. ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸುವಂತೆ ಇದನ್ನೂ ವರ್ಷಕ್ಕೊಮ್ಮೆ ಹತ್ತಿ ನೋಡಬೇಕು. ಪಾಚಿಯನ್ನು ಉಜ್ಜಿ ತೊಳೆಯಬೇಕು. ಎದ್ದ ಪದರವನ್ನು ತಂತಿ ಬ್ರಷ್ಷಿನಿಂದ ಕೆರೆದು, ಜಾಗ ಒದ್ದೆ ಮಾಡಿ, ನಿಂತ ನೀರು ಒರೆಸಿ, ತೆಳ್ಳಗೆ ಕಲಸಿದ ಲೇಟೆಕ್ಸ್ ಸಿಮೆಂಟನ್ನು ತಿಕ್ಕಿ ಹಚ್ಚಬೇಕು. ಆ ಪದರ ಒಣಗುವ ಮೊದಲೇ ಮೇಲಿನದು ಬೀಳಬೇಕು. ದೊಡ್ಡ ಬಿರುಕಿಗೆ ಬರಿಯ ಲೇಪ ಸಾಲದು, ಜಾಲರಿಯ ತುಂಡನ್ನೂ ಸೇರಿಸಬೇಕು. ಇಷ್ಟಕ್ಕೆ ಬೇಕಾದದ್ದು ಒಂದು ಏಣಿ, ಒಂದು ಬ್ರಷ್ಷು, ಅರ್ಧ ದಿನ. ಮನೆಯವರೇ ಮಾಡಿಕೊಳ್ಳಬಹುದೆಂಬುದು ಈ ಚಾವಣಿಯ ನಿಜವಾದ ಹೆಚ್ಚುಗಾರಿಕೆ.

ಕರ್ನಾಟಕದ ಊರುಗಳಲ್ಲಿ ಇದೇ ಲೇಟೆಕ್ಸ್ ಡಬ್ಬಿ ಹಾರ್ಡ್‌ವೇರ್ ಅಂಗಡಿಯಿಂದ ಸೋರುವ ತಾರಸಿಗೆ ಹೋಗುತ್ತದೆ. ಇಳಿಜಾರಿಲ್ಲದ ತಾರಸಿಯಲ್ಲಿ ವಾರಗಟ್ಟಲೆ ನೀರು ನಿಂತರೆ ಅಕ್ರಿಲಿಕ್ ಪದರ ಮೆತ್ತಗಾಗಿ ಸುಲಿಯುತ್ತದೆ. ಡಬ್ಬಿ ಕೊಳ್ಳುವ ಮೊದಲು ಒಂದು ಬಕೆಟ್ ನೀರು ಸುರಿದು, ಅದು ಎತ್ತ ಹರಿಯುತ್ತದೆಂದು ನೋಡಿ.